ತಣ್ಣಗಾಗ್ಲಿ ಮೇಸ್ತ್ರಿಯೂ ಭಾವನ ಟರ್ಬೊ ಕಾರೂ

ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ಅವಸರದಲ್ಲಿ ತೆಗೆದು ಮುಖ ಸುಟ್ಟುಕೊಂಡವರನ್ನು ಮೇಸ್ತ್ರಿ ತನ್ನ ಮೂವತ್ತು ವರ್ಷದ ಕಸುಬಿನಲ್ಲಿ ಬೇಕಾದಷ್ಟು ಕಂಡಿದ್ದ. ಅವರಲ್ಲಿ ಮೊದಲಿಗ ಅವನಿಗೆ ಕೆಲಸ ಕಲಿಸಿದ ಗುರುವೇ. ಆದ್ದರಿಂದ ಬಿಸಿಯೇರಿದ ಗಾಡಿ ಷೆಡ್ಡಿಗೆ ಬಂದರೆ ಅವನ ಬಾಯಿಂದ ಹೊರಡುವ ಮೊದಲ ಮಾತು, "ತಣ್ಣಗಾಗ್ಲಿ." ಬರಬರುತ್ತಾ ಈ ಮಾತು ಗಾಡಿಯಿಂದಿಳಿದು ಮನೆಯನ್ನೂ ಸೇರಿತು. ಹೆಂಡತಿ ಸಿಡುಕಿದರೆ ತಣ್ಣಗಾಗ್ಲಿ, ಗಿರಾಕಿ ಕೂಗಾಡಿದರೆ ತಣ್ಣಗಾಗ್ಲಿ. ಹುಡುಗಿ ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗಲೂ ಇವರು ಅದನ್ನೇ ಅಂದಿದ್ದರು ಎಂದು ಹೆಂಡತಿ ಇಂದಿಗೂ ಹಂಗಿಸುತ್ತಾಳೆ. ಊರಂತೂ ಅವನ ನಿಜವಾದ ಹೆಸರನ್ನು ಮರೆತೇಬಿಟ್ಟಿತು.

ಇಂಥವನ ತಾಳ್ಮೆಯನ್ನೂ ಕುದಿಸಬಲ್ಲ ಪುಣ್ಯಾತ್ಮ ಒಬ್ಬರಿದ್ದರು. ಅವನ ಅಕ್ಕನ ಗಂಡ.

ಭಾವನವರು ತಮ್ಮ ಬೀದಿಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರು. ಸಂಘದಲ್ಲಿ ಏಳು ಮಂದಿ. ಆರು ಮಂದಿ ಪದಾಧಿಕಾರಿಗಳು. ಉಳಿದ ಬಡಪಾಯಿ ಒಬ್ಬನೇ ಅವರೆಲ್ಲರ ಭಾಷಣಕ್ಕೂ ಸಭೆ. ಪದವಿ ಬಂದ ವಾರವೇ ಟರ್ಬೊ ಎಂಜಿನ್ನಿನ ಕಾರು ಬಂತು. ಕಾರಿನ ಬೆನ್ನಿಗೇ ಅದರ ಮೂತಿಗೊಂದು ತಗಡಿನ ಬೋರ್ಡೂ ಬಂತು. ಸಂಘದ ಹೆಸರು ಮಾರುದ್ದ. ಅಕ್ಷರಗಳು ಎದುರು ಬರುವ ಲಾರಿಯವನಿಗೂ ಕಾಣಬೇಕೆಂಬ ಹಟ ಬೇರೆ. ಹೀಗಾಗಿ ಬೋರ್ಡು ಆ ಕಡೆಯ ದೀಪದಿಂದ ಈ ಕಡೆಯ ದೀಪದವರೆಗೆ, ಬಾನೆಟ್ಟಿನ ಅಂಚಿನಿಂದ ಬಂಪರಿನ ಬುಡದವರೆಗೆ, ಕದದ ಹಲಗೆಯಂತೆ ಹರಡಿಕೊಂಡಿತು. ಅದಕ್ಕೆ ಕಬ್ಬಿಣದ ಪಟ್ಟಿಯ ಹಿಡಿಕಟ್ಟು ಬೆಸೆದು ಕೂರಿಸಿಕೊಟ್ಟವನು ನಮ್ಮ ಮೇಸ್ತ್ರಿಯೇ. ಅಕ್ಕನ ಗಂಡ ಕೇಳಿದರೆ ಇಲ್ಲವೆನ್ನಲಾದೀತೆ?

ಬೋರ್ಡಿಗೆ ಭಾವನವರು ಒಂದು ನಿಯಮವನ್ನೂ ಮಾಡಿದ್ದರು. ಅಧ್ಯಕ್ಷರು ಒಳಗೆ ಕೂತಿರದ ಕಾರಿಗೆ ಅಧ್ಯಕ್ಷರ ಬೋರ್ಡು ಇರತಕ್ಕದ್ದಲ್ಲ. ಕಾರನ್ನು ಷೆಡ್ಡಿಗೆ ಬಿಡುವಾಗಲೆಲ್ಲ ನಟ್ಟುಗಳನ್ನು ಸ್ವತಃ ತಿರುಗಿಸಿ, ಬೋರ್ಡನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಕಂಕುಳಲ್ಲಿ ಅವುಚಿಕೊಂಡು ಮನೆಗೆ ಹೋಗುತ್ತಿದ್ದರು. ಕೂಸನ್ನೂ ಅವರು ಅಷ್ಟು ಜೋಪಾನವಾಗಿ ಎತ್ತಿಕೊಂಡವರಲ್ಲ.

ಆ ವರ್ಷ ಅಕ್ಕನ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ವಾರಕ್ಕೊಮ್ಮೆ ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗಿ ಕಾಲನ್ನು ಮಡಿಸಿ ಪಳಗಿಸಬೇಕು. ಕಾರು ಅರ್ಧ ಏರು ಹತ್ತುವಷ್ಟರಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತುವುದು, ಎಳೆತ ಬಿದ್ದುಹೋಗುವುದು, ಬಿಸಿಯ ಮುಳ್ಳು ಕೆಂಪಿಗೆ ಏರುವುದು. ಹೀಗೆ ಎರಡು ವಾರ ಅರ್ಧದಾರಿಯಿಂದಲೇ ಹಿಂದಿರುಗಿದರು. ಮೂರನೆಯ ಸಲವೂ ತಪ್ಪಿದರೆ ಮಂಡಿ ಬಿಗಿದುಕೊಂಡು ಜೀವಮಾನವಿಡೀ ಊರುಗೋಲೇ ಗತಿಯೆಂದು ಡಾಕ್ಟರು ಗದರಿದರು.

ಮೇಸ್ತ್ರಿ ಕಾರಿನ ಕಂಪ್ಯೂಟರಿಗೆ ಕೈಯಂತ್ರ ಜೋಡಿಸಿ ಆ ಹಳದಿ ದೀಪದ ದೂರನ್ನು ಓದಿದ. ದೂರುಗಳು ಎರಡು: ಎಂಜಿನ್ನಿನ ನೀರು ಅತಿ ಬಿಸಿ, ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿಯೂ ಅತಿ ಬಿಸಿ. ಮೊದಲ ಸಲ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಬದಲಿಸಿದ. ಎರಡನೆಯ ಸಲ ಗಾಳಿಯ ಬಿಸಿ ಅಳೆಯುವ ಸೆನ್ಸರನ್ನು ಬದಲಿಸಿದ. ಎರಡು ಸಲವೂ ತಾನೇ ಅದೇ ಗುಡ್ಡ ಹತ್ತಿಸಿ ನೋಡಿದ. ದೀಪವಿಲ್ಲ, ಬಿಸಿಯಿಲ್ಲ, ಮುಳ್ಳು ಸಾಧುವಿನಂತೆ ನಡುವೆ ಕೂತಿತ್ತು.

"ನಿನ್ನ ಕೈಗುಣ ಕೆಟ್ಟಿದೆ ಕಣಯ್ಯ," ಎಂದರು ಭಾವ. ಅಷ್ಟಕ್ಕೇ ಬಿಡದೆ ಸಂಘದ ಸಭೆಯಲ್ಲಿ ಮೇಸ್ತ್ರಿಯ ಮೇಲೆ ಖಂಡನಾ ನಿರ್ಣಯವನ್ನೂ ಪಾಸು ಮಾಡಿಸಿದರು.

ಅಕ್ಕ ಮಾತ್ರ, "ನೀನು ಓಡಿಸಿದ್ರೆ ಕಾರು ತಣ್ಣಗಿರತ್ತೆ, ಇವರು ಓಡಿಸಿದ್ರೆ ಕುದಿಯತ್ತೆ. ಅದಕ್ಕೂ ನನ್ನ ಹಾಗೇ ಇವರನ್ನ ಕಂಡ್ರೆ ತಲೆಬಿಸಿ ಕಣೋ," ಎಂದಳು.

ನಕ್ಕರೂ ಆ ಮಾತು ಮೇಸ್ತ್ರಿಯ ತಲೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಮೂರನೆಯ ವಾರ ಅವನೂ ಹಿಂದಿನ ಸೀಟಿನಲ್ಲಿ ಕೂತ. ಅರ್ಧ ಏರಿನಲ್ಲಿ ದೀಪ ಹೊತ್ತಿತು. ಮುಂದಿನಿಂದ ಹಬೆ ಎದ್ದಿತು. ಕಾರು ನಿಲ್ಲುತ್ತಲೇ ಭಾವ ನೀರಿನ ಬಾಟಲಿ ಹಿಡಿದು ಧಾವಿಸಿದರು.

"ಮುಚ್ಚಳ ಮುಟ್ಟಬೇಡಿ ಭಾವ! ತಣ್ಣಗಾಗ್ಲಿ."

ಬಾನೆಟ್ ಎತ್ತಲು ಮುಂದೆ ಬಂದ ಮೇಸ್ತ್ರಿಗೆ ಮೊದಲು ಎದುರಾದವರು ಅಧ್ಯಕ್ಷರು, ಅರ್ಥಾತ್ ಬೋರ್ಡು. ಗುಡ್ಡದ ಗಾಳಿ ಅದಕ್ಕೆ ಬಡಿದು ತಗಡು ಡಬಡಬ ಎನ್ನುತ್ತಿತ್ತು. ಅದರ ಹಿಂದಕ್ಕೆ ಕೈ ತೂರಿಸಿದರೆ ಗಾಳಿಯ ಸುಳಿವೇ ಇಲ್ಲ. ಒಲೆಯ ಬಾಯಂಥ ಕಾವು. ನೀರೂ ಬಿಸಿ, ಗಾಳಿಯೂ ಬಿಸಿ! ಎರಡನ್ನೂ ತಣಿಸುವ ಜಾಲರಿಗಳು ಕಾರಿನ ಮೂತಿಯಲ್ಲೇ ಒಂದರ ಹಿಂದೊಂದು ಇರುತ್ತವೆ. ಎರಡಕ್ಕೂ ಎದುರುಗಾಳಿಯೇ ಉಸಿರು. ಷೆಡ್ಡಿಗೆ ಬರುವಾಗಲೆಲ್ಲ ಬೋರ್ಡು ಮನೆಗೆ ಹೋಗುತ್ತಿತ್ತು. ಮೂವತ್ತು ವರ್ಷದ ಮೇಸ್ತ್ರಿ ರೋಗವಿಲ್ಲದ ಕಾರಿಗೆ ಎರಡು ಸಲ ಮದ್ದು ಮಾಡಿದ್ದ. ನಗು ಉಕ್ಕಿತು. ಆದರೆ ಹಿಡಿಕಟ್ಟಿನ ಮೇಲೆ ಕಂಡದ್ದು ತನ್ನದೇ ವೆಲ್ಡಿಂಗಿನ ಗಂಟು.

ಅರ್ಧ ಗಂಟೆ ಕಾದು, ನೀರು ತುಂಬಿಸಿ, ನಟ್ಟು ತಿರುಗಿಸಿ ಬೋರ್ಡು ಇಳಿಸಿದ.

"ಏನಯ್ಯ ಇದು! ಬೋರ್ಡಿಲ್ದೆ ಹೋದ್ರೆ ಆಸ್ಪತ್ರೇಲಿ ನನ್ನ ಯಾರಂತ ತಿಳ್ಕೋತಾರೆ?"

"ರೋಗಿಯ ಗಂಡ ಅಂತ," ಎಂದಳು ಅಕ್ಕ ಒಳಗಿಂದಲೇ.

"ಇದು ಉಸಿರು ಕಟ್ಟಿಸ್ತಿದೆ ಭಾವ. ತಪ್ಪು ನಂದೂ ಇದೆ, ಕೂರಿಸಿದೋನು ನಾನೇ. ಡಿಕ್ಕೀಲಿ ಹಾಕ್ಕೊಂಡು ಹೋಗೋಣ."

"ಅಧ್ಯಕ್ಷ ಸ್ಥಾನಾನ ಡಿಕ್ಕೀಲಿ ಹಾಕೋದಾ? ಬೋರ್ಡಿಲ್ಲದ ಕಾರಿಗೆ ನಾನು ಹತ್ತಲ್ಲ!"

"ರೀ, ಇನ್ನು ಇಪ್ಪತ್ತೇ ನಿಮಿಷ ಇದೆ. ನನ್ನ ಮಂಡಿ ಬೇಕೋ, ಬೋರ್ಡು ಬೇಕೋ?"

ಭಾವನವರು ಉತ್ತರಕ್ಕಾಗಿ ಬೋರ್ಡಿನ ಕಡೆ ನೋಡಿದರು. ಅಷ್ಟು ಸಾಕಾಯಿತು.

"ಹೊರಡೋ," ಎಂದಳು ಅಕ್ಕ.

ಮೇಸ್ತ್ರಿ ದೀಪದ ದೂರನ್ನು ಯಂತ್ರದಿಂದ ಅಳಿಸಿ, ಭಾವನವರನ್ನು ಬೋರ್ಡಿನ ಜೊತೆ ಅಲ್ಲೇ ಬಿಟ್ಟು ಕಾರನ್ನು ಗುಡ್ಡ ಹತ್ತಿಸಿದ. ಗುಡ್ಡದ ನೆತ್ತಿ ಮುಟ್ಟಿದರೂ ದೀಪ ಮತ್ತೆ ಹೊತ್ತಲಿಲ್ಲ. ಮುಳ್ಳು ನಡುವಿನಿಂದ ಕದಲಲಿಲ್ಲ. ಹೇಳಿದ ಹೊತ್ತಿಗೆ ನಾಲ್ಕು ನಿಮಿಷ ಮೊದಲೇ ಅಕ್ಕ ಆಸ್ಪತ್ರೆಯ ಬಾಗಿಲಲ್ಲಿದ್ದಳು. ಕಾಲು ಮಡಿಸುವಾಗ ಅವಳು ಹಾಕಿದ ಕೂಗು ಅಂಗಳಕ್ಕೂ ಕೇಳಿಸಿತು. ಆದರೆ ಮಂಡಿ ಬಾಗಿತು.

ಇಳಿದು ಬರುವಾಗ ನಡು ಮಧ್ಯಾಹ್ನ. ಕಾರು ಕೆಟ್ಟು ನಿಂತಿದ್ದ ತಿರುವಿನಲ್ಲಿ ಮರವೊಂದೂ ಇರಲಿಲ್ಲ. ಮೋರಿಕಟ್ಟೆಯ ಮೇಲೆ ಭಾವನವರು ಕೂತಿದ್ದರು, ಬಿಸಿಲಿಗೆ ಬೋರ್ಡನ್ನು ಎರಡೂ ಕೈಯಿಂದ ತಲೆಯ ಮೇಲೆ ಹಿಡಿದುಕೊಂಡು. ಅಕ್ಷರಗಳು ಆಕಾಶ ನೋಡುತ್ತಿದ್ದವು. ಅಧ್ಯಕ್ಷರ ಪರಿಚಯ ಹದ್ದುಗಳಿಗೂ ಆಗಿರಬೇಕು.

ಅವರು ಡಿಕ್ಕಿ ತೆರೆದು ಬೋರ್ಡನ್ನು ಒಳಗಿಟ್ಟು ಮುಂದಿನ ಸೀಟಿನಲ್ಲಿ ಕೂತರು. ಮುಖ ಕಾದ ಎಂಜಿನ್ನಿನಂತೆ ಕೆಂಪಗಿತ್ತು. ಎರಡು ವಾರದಿಂದ ಕೂಡಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಆಡಲು ಅಕ್ಕ ಬಾಯಿ ತೆರೆದಳು.

ಮೇಸ್ತ್ರಿ ಕನ್ನಡಿಯಲ್ಲಿ ಅವಳನ್ನು ನೋಡಿ ಮೆಲ್ಲಗೆ ಹೇಳಿದ, "ತಣ್ಣಗಾಗ್ಲಿ ಅಕ್ಕ. ಈಗ್ಲೇ ಮುಚ್ಚಳ ತೆಗೀಬೇಡ."