ಮೇಡಂ ಬಿಚ್ಚಿಸಿದ ತೋಳು

"ಸಾಬ್ರೇ, ಈ ತೋಳು ಬಿಚ್ಚಿ ಬೇರೆ ಥರ ಹೊಲೀರಿ!" ಎಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವ ಮೇಡಂ, ಒಯ್ಯಲು ಬಂದಿದ್ದ ರವಿಕೆಯನ್ನು ನನ್ನ ಹೊಲಿಗೆ ಮಿಷನ್ ಮೇಲೆ ಎಸೆದರು.

ಹೊಲಿಗೆಯಲ್ಲಿ ತಪ್ಪೇನಿರಲಿಲ್ಲ. ಪಾಂಡವಪುರ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ನಿಂಗಮ್ಮ ಅಂಥದ್ದೇ ಪಫ್ ತೋಳಿನ ರವಿಕೆ ತೊಟ್ಟು ಅಂಗಡಿಗೆ ಬಂದವಳು, "ಅಯ್, ಮೇಡಮ್ಮೋರೆ, ನಿಮ್ದೂ ನಂದಿದ್ದಂಗೇ ಅದಲ್ಲವ್ವಾ!" ಎಂದು ಹಿಗ್ಗಿದ್ದೇ ತಪ್ಪಾಯಿತು.

ಅವಳು ಅತ್ತ ಹೋಗಿದ್ದೇ ತಡ, ಮೇಡಂ ನನಗೇ ಪಾಠ ಶುರು ಮಾಡಿದರು. "ಮೇಲಿನವರು ಹಾಕಿದ್ದನ್ನ ಕೆಳಗಿನವರು ಕಾಪಿ ಮಾಡ್ತಾರೆ. ಆಗ ಮೇಲಿನವರು ಅದನ್ನ ಬಿಟ್ಟು ಬೇರೆ ಹುಡುಕ್ತಾರೆ. ಫ್ಯಾಷನ್ ಅಂದ್ರೆ ಇಷ್ಟೇ."

ನನಗೆ ಮೈಯೆಲ್ಲ ಉರಿಯಿತು. ಹೋದ ತಿಂಗಳು ಇದೇ ಮೇಡಂ, ಅಂಗಡಿಯ ಹ್ಯಾಂಗರಿನಲ್ಲಿದ್ದ ರವಿಕೆ ನೋಡಿ "ನನಗೂ ಹೀಗೇ ಹೊಲೀರಿ" ಅಂದಿದ್ದರು. ಆ ರವಿಕೆ ನಿಂಗಮ್ಮನದೇ. ತೋಳು ಹೀಗಿರಬೇಕು ಅಂತ ಪಕ್ಕದಲ್ಲೇ ನಿಂತು ಹೇಳಿ ಹೊಲಿಸಿದ್ದೂ ಆಯಮ್ಮನೇ.

ಗಿರಾಕಿಯಲ್ಲವೇ, ಮಧ್ಯಾಹ್ನವೆಲ್ಲ ಹೊಲಿಗೆ ಬಿಚ್ಚಿದೆ. ಹೊಸ ತೋಳಿಗೂ ಮೇಡಂ ಅದೇ ಹ್ಯಾಂಗರುಗಳಲ್ಲಿ ಹುಡುಕಿ, ಇನ್ನೊಂದು ರವಿಕೆ ತೋರಿಸಿ ಹೋಗಿದ್ದರು. ಯಾರದು ಅಂತ ಈ ಸಲವೂ ಕೇಳಲಿಲ್ಲ. ಅದು ನಿಂಗಮ್ಮನ ಮಗಳದು.