ಬೆನ್ನ ಮೇಲೆ ಓದಿದ ಕಣ್ಣಿನ ಪಟ

ದೀಪಾವಳಿ ಹಿಂದಿನ ಎರಡು ವಾರದ ಕೂಲಿಯನ್ನು ಬೇಳೆ ಮಿಲ್ಲಿನವರು ಜಯದೇವಿಗೆ ಇನ್ನೂ ಕೊಟ್ಟಿಲ್ಲ. ಆಕೆ ಕೇಳಿಯೂ ಇಲ್ಲ. ಕೇಳಿದರೆ ಮುಖ ನೋಡುತ್ತಾರೆ, ಮುಖ ನೋಡಿದರೆ ಕಣ್ಣೂ ನೋಡುತ್ತಾರೆ. ಆಕೆಗೆ ಸದ್ಯ ಬೇಡವಾಗಿರುವುದು ಅದೇ. ಇಲ್ಲಿರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ; ಯಾಕೆಂದು ಓದಿದರೆ ತಿಳಿಯುತ್ತದೆ.

ಜಯದೇವಿ ಕಮಲಾಪುರದವಳು. ವಯಸ್ಸು ಐವತ್ತರ ಆಸುಪಾಸು. ಆಧಾರ್ ಕಾರ್ಡು ನಲವತ್ತಾರು ಅನ್ನುತ್ತದೆ, ಆಕೆ ಅದನ್ನು ನಂಬುವುದಿಲ್ಲ. ಗಂಡ ಮಲ್ಲಣ್ಣ ಬಸ್ ನಿಲ್ದಾಣದ ಹತ್ತಿರ ಕೆಂಪು ಬಾಳೆಹಣ್ಣು ಮಾರುತ್ತಾನೆ. ಮಾರಿದ್ದಕ್ಕಿಂತ ತಿಂದದ್ದೇ ಹೆಚ್ಚೆಂದು ಹೆಂಡತಿಯ ದೂರು. ಆಕೆ ಬೆಳಿಗ್ಗೆ ಬಸ್ಸು ಹಿಡಿದು ಕಲಬುರಗಿಗೆ ಬರುತ್ತಾಳೆ, ಊರಂಚಿನ ಸಣ್ಣ ಮಿಲ್ಲೊಂದರಲ್ಲಿ ತೊಗರಿಬೇಳೆ ಹಸನು ಮಾಡುತ್ತಾಳೆ. ಮಷೀನು ಬಿಟ್ಟ ಹರಳು, ಕರಿಕಾಳು, ಸಿಪ್ಪೆ ಹತ್ತಿದ ಬೇಳೆ, ಇವನ್ನು ಆರಿಸಿ ತೆಗೆಯುವುದು ಅಲ್ಲಿ ಹೆಂಗಸರ ಕೆಲಸ.

ಕೆಲಸದ ಮೇಲ್ವಿಚಾರಣೆಯ ಮುಕಾದಮ ಮೌನೇಶ ಆಗಾಗ ಬಂದು ಯಾರದೋ ರಾಶಿಯಿಂದ ಒಂದು ಮುಷ್ಟಿ ಎತ್ತಿ ಬಿಳಿ ತಟ್ಟೆಯಲ್ಲಿ ಹರವುತ್ತಾನೆ. ಕರಿಕಾಳು ಕಂಡರೆ ಆಕೆ ಅಂಗಳ ಗುಡಿಸಲು ಹೋಗಬೇಕು. ಅಲ್ಲಿ ಕೂಲಿ ಕಡಿಮೆ, ಅದೂ ಕರೆದ ದಿನಕ್ಕೆ ಮಾತ್ರ. ಹಿಂದೊಮ್ಮೆ ಒಬ್ಬಾಕೆ ಕನ್ನಡಕ ಹಾಕಿಕೊಂಡು ಬಂದಳು. ಮೌನೇಶ ತಟ್ಟೆಯನ್ನೂ ಹರವಲಿಲ್ಲ, ಸೀದಾ ಅಂಗಳಕ್ಕೆ ಕಳಿಸಿದ. ಅಂದಿನಿಂದ ಆ ಸಾಲಿನಲ್ಲಿ ಯಾರ ಕಣ್ಣಿಗೂ ಏನೂ ಆಗಿಲ್ಲ. ಕಾಣದವಳ ರಾಶಿಯಲ್ಲಿ ಪಕ್ಕದವಳ ಕೈ ಸುಮ್ಮನೆ ಆಡುತ್ತಿರುತ್ತದೆ, ಅಷ್ಟೇ. ವರ್ಷದಿಂದ ಜಯದೇವಿಯ ಎಡಗಣ್ಣಿಗೆ ಮಂಜು ಕವಿದಿದೆ, ಬಲಗಣ್ಣೊಂದಕ್ಕೆ ಸಣ್ಣ ಕಾಳು ಸರಿಯಾಗಿ ತಿಳಿಯುವುದಿಲ್ಲ. ಆಕೆಯ ರಾಶಿಯಲ್ಲಿ ಆಡುವುದು ಕಲಬುರಗಿಯ ಮೋಮಿನಪುರದ ಹಲೀಮಾಳ ಕೈ.

ಒಂದು ಭಾನುವಾರ ಕಮಲಾಪುರದ ಶಾಲೆಯಲ್ಲಿ ಯಾವುದೋ ಸಂಸ್ಥೆಯವರು ಪುಕ್ಕಟೆ ಕಣ್ಣಿನ ಶಿಬಿರ ಹಾಕಿದರು. ಹಲೀಮಾಳೂ ಬಸ್ಸು ಹತ್ತಿ ಬಂದಳು. ಗೋಡೆಗೆ ಪಟ, ಪಟದ ತುಂಬ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು. ಒಂದು ಕಣ್ಣು ಮುಚ್ಚಿಕೊಂಡು, ಹಲ್ಲು ಯಾವ ಕಡೆಗಿವೆ ಎಂದು ಕೈ ಮಾಡಿ ತೋರಿಸಬೇಕು. ಎದುರಿಗೊಬ್ಬ ಕುರ್ಚಿಯ ಮೇಲೆ, ಕೈಯಲ್ಲಿ ಪೆನ್ನು. ಜಯದೇವಿಯ ಬೆನ್ನು ಸೆಟೆದುಕೊಂಡಿತು. ಹಿಂದೆ ನಿಂತಿದ್ದ ಹಲೀಮಾ ಯೋಚಿಸಲೂ ಇಲ್ಲ. ಆ ಬೆನ್ನಿನ ಮೇಲೆ ಬೆರಳಿನಿಂದ ಗೀರಿದಳು. ಮೇಲೆ. ಕೆಳಗೆ. ಎಡಕ್ಕೆ. ಜಯದೇವಿ ಹಾಗೇ ತೋರಿಸುತ್ತ ಹೋದಳು.

"ಚಲೋ ಅದಲ್ರೀ ಕಣ್ಣು. ಸಣ್ಣ ಪೊರಿ ಅದ, ಈಗ ಆಪರೇಷನ್ ಬ್ಯಾಡ. ವರ್ಷ ಬಿಟ್ಟು ಬರ್ರಿ," ಎಂದು ಶಿಬಿರದವರು ಚೀಟಿ ಬರೆದುಕೊಟ್ಟರು.

ಇಬ್ಬರೂ ಮೌನೇಶನ ತಟ್ಟೆಯಿಂದ ಪಾರಾದವರಂತೆ ನಗುತ್ತ ಹೊರಬಂದರು. ಮನೆಗೆ ಹೋಗಿ ಆ ಚೀಟಿಯನ್ನು ಮತ್ತೆಮತ್ತೆ ಗಂಡನಿಗೆ ತೋರಿಸಿ, ಜಯದೇವಿ ತಾನೂ ಅದನ್ನು ನಂಬಿಬಿಟ್ಟಳು.

ಮಲ್ಲಣ್ಣನಿಗೂ ಸಮಾಧಾನ. "ನಮ್ಮವ್ವಂದು ಪೂರಾ ಬೆಳ್ಳಗಾದ ಮ್ಯಾಲ ಮಾಡಿಸಿದ್ವಿ. ಎಳೇದಿದ್ದಾಗ ಮುಟ್ಟಬಾರದು."

"ಕಣ್ಣಂದ್ರ ನಿನ್ನ ಬಾಳಿಗೊನಿ ಏನು?"

ಆದರೆ ಕಾಳು ಕಾಣಬೇಕಲ್ಲ. ಮಿಲ್ಲಿನಲ್ಲಿ ಹಲೀಮಾ ಗೊಣಗಲು ಶುರು ಮಾಡಿದಳು: "ಅರೆ ಅಕ್ಕಾ, ಎರಡು ರಾಶಿ ಎಷ್ಟು ದಿನ ಆರಿಸ್ಲಿ? ನನ್ನ ಕಣ್ಣೇನು ಬಾಡಿಗಿ ತಂದಾವೇನು?" ಕೊನೆಗೆ ಇಬ್ಬರೂ ನಮ್ಮ ಕೂಲಿಕಾರರ ಸಂಘದ ಕಚೇರಿಗೆ ಬಂದರು. ನಾನು ಅವರನ್ನು ಊರೊಳಗಿನ ಒಬ್ಬ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಮಷೀನಿನ ಬೆಳಕು ಬಿಟ್ಟು ನೋಡಿದರು. ಬೆನ್ನಿಗೇ ನಿಂತಿದ್ದ ಹಲೀಮಾಳನ್ನು ದೂರ ಕೂರಿಸಿ ಜಯದೇವಿಯಿಂದ ಪಟ ಓದಿಸಿದರು. ಎಡಗಣ್ಣು ಎರಡನೇ ಸಾಲಿಗೇ ನಿಂತಿತು.

"ಆಪರೇಷನ್ ಈಗ ಮಾಡಿಸಬಹುದು," ಎಂದರು.

ಜಯದೇವಿ ಸೆರಗಿನ ಗಂಟಿನಿಂದ ಚೀಟಿ ತೆಗೆದಳು. "ಬ್ಯಾಡ ಅಂದಾರಲ್ರೀ ಮೇಡಂ. ಇದರಾಗ ಚಲೋ ಅದ ಅಂತ ಬರದಾರ." ಖಾಸಗಿ ದವಾಖಾನೆ ಗಿರಾಕಿ ಹಿಡಿಯುತ್ತಿದೆಯೋ ಏನೋ ಎಂದು ನನಗೂ ಅನಿಸಿತು.

ಡಾಕ್ಟರಮ್ಮ ಚೀಟಿ ಓದಿದರು. "ಹೋದ ತಿಂಗಳು ಇಷ್ಟು ಕೆಳಗಿನ ಸಾಲುತನಕ ಓದೀರಿ. ಇಷ್ಟು ಲಗೂನ ಹೆಂಗ ಇಳೀತು?"

ಮೂಲೆಯಿಂದ ಹಲೀಮಾ ಹೇಳಿದಳು: "ಅದು ನನ್ನ ಕಣ್ಣು ರೀ, ಮೇಡಂ."

ಬೆರಳಿನ ಕಥೆಯೆಲ್ಲ ಹೊರಬಂತು. ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. "ಪೂರಾ ಬೆಳ್ಳಗಾಗೋತನಕ ಕಾಯೋದು ಹಳೇ ಪದ್ಧತಿ. ಭಾಳ ಕಾಯ್ದ್ರ ಪೊರಿ ಗಟ್ಟಿ ಆಗ್ತದ, ತೆಗಿಯೋದು ಕಠಿಣ. ಹಂಗಂತ ನಾಳೆನೇ ಬರ್ರಿ ಅಂತಲೂ ಅನ್ನಂಗಿಲ್ಲ. ಕೆಲಸಕ್ಕ ಅಡ್ಡಿ ಆಗಾಕತ್ತಿದ್ರ ಮಾಡಿಸ್ರಿ. ಆಗಾಕತ್ತದೇನು?"

"ಇಲ್ರೀ. ಎಲ್ಲಾ ಕಾಣಸ್ತದ."

"ಅಕ್ಕಾ, ಇಲ್ಲಿ ಮೌನೇಶ ಇಲ್ಲ," ಎಂದಳು ಹಲೀಮಾ.

ಜಯದೇವಿ ಸೆರಗು ಹಿಂಡುತ್ತ, "ಕರಿಕಾಳು ಕಾಣಂಗಿಲ್ರೀ," ಎಂದಳು.

ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಮಾಡುತ್ತಾರೆಂದು ಡಾಕ್ಟರಮ್ಮನೇ ಚೀಟಿ ಬರೆದುಕೊಟ್ಟರು. ಅಲ್ಲಿಗೆ ನನ್ನ ಅನುಮಾನ ಮುಗಿಯಿತು. ಜಯದೇವಿಯ ಗೊಂದಲ ಶುರುವಾದದ್ದು ಅವರ ಕೊನೆಯ ಮಾತಿನಿಂದ: "ಒಂದು ತಿಂಗಳು ದೂಳಿನಾಗ ಹೋಗಂಗಿಲ್ಲ." ಬೇಳೆ ಮಿಲ್ಲಿನಲ್ಲಿ ದೂಳು ಬಿಟ್ಟರೆ ಇನ್ನೇನಿದೆ?

ತಿಂಗಳು ಹೋಗದಿದ್ದರೆ ಆ ಜಾಗದಲ್ಲಿ ಬೇರೊಬ್ಬಳು ಕೂರುತ್ತಾಳೆ. ಯಾಕೆ ಬರಲಿಲ್ಲ ಎಂದು ಗೊತ್ತಾದರೆ ಮೌನೇಶ ಅಂಗಳ ತೋರಿಸುತ್ತಾನೆ. ಮಾಡಿಸದಿದ್ದರೆ ಒಂದು ದಿನ ಅದೇ ತಟ್ಟೆ, ಅದೇ ಅಂಗಳ. ಆಗ ಹಲೀಮಾಳೂ ಸಿಕ್ಕಿಬೀಳುತ್ತಾಳೆ. ಸಂಘದಿಂದ ಹೋಗಿ ರಜೆ ಕೇಳೋಣವೆಂದೆ.

"ಯಾರಿಗಂತ ಕೇಳ್ತೀರಿ?"

"ನಿನಗ."

"ಹೆಸರು ಹೇಳಿದ ಮ್ಯಾಲ ಕೆಲಸ ಉಳೀತದೇನ್ರಿ ಮತ್ತ?"

ಇಷ್ಟು ವರ್ಷ ಮಿಲ್ಲುಗಳ ಗೇಟಿನ ಮುಂದೆ ಕೂಗಿದ ನಾನು ರಜೆ ಕೇಳಲು ಹೋಗುವುದನ್ನು ಬಿಟ್ಟೆ. ಈಗ ಆಕೆ ಬೆಳಿಗ್ಗೆ ಬಸ್ಸಿನಿಂದ ಫೋನು ಮಾಡಿ ಮಾಡಿಸಿಬಿಡ್ತೀನಿ ಅನ್ನುತ್ತಾಳೆ, ಸಂಜೆ ಬಸ್ಸಿನಿಂದ ಬ್ಯಾಡ ಅನ್ನುತ್ತಾಳೆ. ಎರಡೂ ಹೊತ್ತು ಆಕೆಯ ಮಾತು ಸರಿಯಾಗಿಯೇ ಇರುತ್ತದೆ. ದವಾಖಾನೆಯವರು ತಾರೀಖು ಕೇಳುತ್ತಿದ್ದಾರೆ.

ಆಕೆಯ ಕಣ್ಣಿನ ತೀರ್ಮಾನ ಆಕೆಯ ಕೈಯಲ್ಲಿಲ್ಲ, ಕೆಲಸ ಕೊಟ್ಟವರ ಕೈಯಲ್ಲಿದೆ. ಹಾಗಾಗಿ ನಾನು ಈಗ ಕೇಳುತ್ತಿರುವುದು ನಿಮ್ಮನ್ನು. ನಿಮ್ಮದು ಮಿಲ್ಲಿರಬಹುದು, ಅಂಗಡಿಯಿರಬಹುದು, ಮನೆಯಲ್ಲಿ ಅಕ್ಕಿ ಆರಿಸುವ ಒಬ್ಬ ಹೆಂಗಸಿರಬಹುದು. ಅವರು ಬಾಯಿ ಬಿಡಲಿ ಎಂದು ಕಾಯಬೇಡಿ, ಬಿಡುವುದಿಲ್ಲ. ನಾಳೆ ಬೆಳಿಗ್ಗೆ ಎಲ್ಲರನ್ನೂ ಕರೆದು, ಎಲ್ಲರ ಎದುರಿಗೆ ಹೇಳಿ: ಯಾರ ಕಣ್ಣು ಮಂಜಾಗಿದೆಯೋ ಹೋಗಿ ಮಾಡಿಸಿಕೊಂಡು ಬನ್ನಿ, ನಿಮ್ಮ ಜಾಗ ನಿಮಗೇ ಇರುತ್ತದೆ, ಕೂಲಿಯೂ ಇರುತ್ತದೆ. ಹೇಳುತ್ತೀರೋ, ಇಲ್ಲವೋ?