ನಳಿಗೆಯಲ್ಲಿ ಸಿಕ್ಕಿಕೊಂಡ ಬಟ್ಟೆ

ಯಜಮಾನರು ತೀರಿಕೊಂಡ ಮೇಲೆ ಅವರ ಬಂದೂಕಿನ ಪರವಾನಗಿ ನನ್ನ ಹೆಸರಿಗೆ ಬಂತು. ಚಚಡಿ ಹತ್ತಿರದ ನಮ್ಮ ಹೊಲದಲ್ಲಿ ಗೋವಿನಜೋಳ ಮುರಿಯುತ್ತಿದ್ದ ಹಂದಿಗಳನ್ನು ಬೆದರಿಸಲು ಇಟ್ಟುಕೊಂಡಿದ್ದ, ಒಂದೇ ನಳಿಗೆಯ ಬಂದೂಕು. ನಾನದನ್ನು ಒಮ್ಮೆಯೂ ಹಾರಿಸಿದವಳಲ್ಲ. ತೊಂಬತ್ತರ ದಶಕದ ಕೊನೆಗೆ ಒಂದು ಚುನಾವಣೆ ಬಂತು. ಬಂದೂಕು ಇದ್ದವರೆಲ್ಲ ಮುರಗೋಡದ ಠಾಣೆಗೆ ಒಪ್ಪಿಸಬೇಕೆಂದು ಊರಲ್ಲಿ ಡಂಗುರ ಸಾರಿದರು.

"ನನ್ನ ಮಗ ಎಂದೂ ಹೊಲಸ ಬಂದೂಕ ಒಯ್ದಾಂವಲ್ಲ," ಎಂದರು ಅತ್ತೆ.

ಸರಿ, ಒರೆಸಲು ಕುಳಿತೆ. ಕಬ್ಬಿಣದ ಸಲಾಕೆಯ ತುದಿಗೆ ಸುತ್ತಲು ಕೈಗೆ ಸಿಕ್ಕಿದ್ದು ನನ್ನದೇ ಹಳೆಯ ಒಳಲಂಗ. ಹರಿದು ದಪ್ಪಗೆ ಸುತ್ತಿ, ನಳಿಗೆಯ ಬಾಯಿಂದ ತಳ್ಳಿದೆ. ಅರ್ಧಕ್ಕೆ ಹೋಗಿ ನಿಂತಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಅತ್ತೆ ಹಿಡಿಕೆ ಹಿಡಿದರು, ನಾನು ಸಲಾಕೆ ಜಗ್ಗಿದೆ. ಇಬ್ಬರೂ ಪಡಸಾಲೆಯಲ್ಲಿ ಮಗುಚಿ ಬಿದ್ದೆವು.

"ಒಂದ ತೋಟಾ ಹಾಕಿ ಹೊಡದ್ರ ತಾನ ಹಾರಿ ಬರತೈತಿ," ಎಂದ ಮೈದುನ.

"ನಳಗಿ ಒಡದು ನಿನ್ನ ಮಾರಿಗೇ ಬಡೀತೈತಿ. ಮುಟ್ಟಬ್ಯಾಡ!" ಎಂದು ಅತ್ತೆ ಗದರಿದರು.

ಒಪ್ಪಿಸಲು ಅಂದೇ ಕೊನೆಯ ದಿನ. ಸಲಾಕೆ ಹೊರಚಾಚಿದ್ದ ಹಾಗೆಯೇ ಬಂದೂಕನ್ನು ಕೌದಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. "ಏನ್ರಿ ಅಕ್ಕಾರ ಅದು?" ಎಂದ ಕಂಡಕ್ಟರ್. ಮಂಚದ ಕಾಲು ಎಂದೆ.

ಠಾಣೆಯ ಕಟ್ಟೆಯ ಮೇಲೆ ಬಂದೂಕು ಹಿಡಿದು ಸಾಲಾಗಿ ಕುಳಿತ ಗಂಡಸರ ಪಾಳಿ. ಕೆಲವರು ಯಜಮಾನರ ಗೆಳೆಯರು. ಪೊಲೀಸಿನವನು ಕೌದಿ ಬಿಚ್ಚಿ ನಕ್ಕ. "ಏನ್ರಿ ಅಕ್ಕಾರ, ಬಂದೂಕಿಗೆ ಬಾಲ ಹಚ್ಚೀರಿ? ಇದನ್ನ ತಗದ ತರ್ರಿ, ಆಮ್ಯಾಲ ಜಮಾ ಮಾಡ್ಕೋತೀನಿ." ಪಾಳಿಯೆಲ್ಲ ನಕ್ಕಿತು. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.

ಪಾಳಿಯಲ್ಲಿದ್ದ ಪಕ್ಕದೂರಿನ ವಯಸ್ಸಾದ ಮುಸ್ಲಿಂ ರೈತರೊಬ್ಬರು ಎದ್ದು ಬಂದರು. "ಕೊಡವ್ವಾ ಇಲ್ಲಿ. ನನಗೂ ಹಿಂಗ ಆಗಿತ್ತು."

ಬಂದೂಕನ್ನು ಮಡಚಿ, ತೋಟಾ ಇಲ್ಲವೆಂದು ನೋಡಿಕೊಂಡು, ಎದುರಿನ ಚಹಾದಂಗಡಿಯಿಂದ ಎಣ್ಣೆ ತರಿಸಿ ಹಿಂದಿನಿಂದ ಹೊಯ್ದರು. ಎಣ್ಣೆ ಇಳಿಯುವ ತನಕ ಎಲ್ಲರೂ ಸುತ್ತ ನಿಂತರು. ಆಮೇಲೆ ಹಿಂದಿನಿಂದಲೇ ಒಂದು ಕೋಲು ತೂರಿಸಿ ಕಲ್ಲಿನಿಂದ ಮೆಲ್ಲಗೆ ಬಡಿದರು. ಸಲಾಕೆ ಜರುಗಿತು. ಜಗ್ಗಿದಾಗ ಬಟ್ಟೆಯ ಸಮೇತ ಹೊರಬಂತು. ಮಸಿ ಮೆತ್ತಿದ್ದರೂ ಹೂವಿನ ಚಿತ್ರ ಕಾಣುತ್ತಿತ್ತು. ಲಾಡಿಯೂ ಜೋತಾಡುತ್ತಿತ್ತು. ಯಾರೋ ಕಿಸಕ್ಕೆಂದರು.

ಹಿರಿಯರು ಥಟ್ಟನೆ ಅದನ್ನು ಮುಷ್ಟಿಯಲ್ಲಿ ಮುಚ್ಚಿ, ಆ ಎಣ್ಣೆ ಮಸಿಯ ಸಮೇತ ತಮ್ಮ ಬಿಳಿ ಜುಬ್ಬಾದ ಕಿಸೆಗೆ ಹಾಕಿಕೊಂಡರು. "ಎಣ್ಣಿ ಅರಿವಿ ಐತಿ, ಅದನ್ನೇನ ನೋಡ್ತೀರಿ? ಪಾಳಿ ಹಚ್ಚರಿ," ಎಂದು ಜೋರು ಮಾಡಿದರು.

ನಾನು ಸಹಿ ಹಾಕಿ, ಅವರ ಕಡೆ ತಿರುಗಿಯೂ ನೋಡದೆ ಹೊರಟುಬಿಟ್ಟೆ.

ಮುಂದೆ ಮುರಗೋಡದ ಸಂತೆಯಲ್ಲಿ ಅವರು ಕಂಡಾಗಲೆಲ್ಲ ಸೆರಗು ಎಳೆದುಕೊಂಡು ಬೇರೆ ಓಣಿ ಹಿಡಿಯುತ್ತಿದ್ದೆ. ಒಂದು ಸಲ ಅವರೇ ಅಡ್ಡ ಬಂದು ಕೇಳಿದರು, "ಯಾಕವ್ವಾ, ನನ್ನಿಂದ ಏನರ ತಪ್ಪಾಗೇತೇನು?"

"ಇಲ್ರಿ ಕಾಕಾ," ಎಂದೆ, ನೆಲ ನೋಡುತ್ತ. ಅವರ ಕಿಸೆ ಸೇರಿದ ಆ ಲಂಗದ ಚೂರು ನೆನಪಾಗಿ, ಉಪಕಾರವಾಯಿತೆಂದು ಹೇಳದೆಯೇ ಮುಂದೆ ನಡೆದುಬಿಟ್ಟೆ.